ಅಯಸ್ಕಾಂತ ಅಂಟದ ಕಾರು

ಅಮೆರಿಕದಲ್ಲಿ ಕಾರಿಗೆಂದು ಉಪಗ್ರಹ ರೇಡಿಯೋ, ಅಂದರೆ ಚಂದಾ ಕಟ್ಟಿ ಆಕಾಶದಿಂದಲೇ ಹಾಡು ಹಿಡಿಯುವ ರೇಡಿಯೋ, ಕೊಂಡರೆ ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣದಷ್ಟಿರುವ ಒಂದು ಕಪ್ಪು ಆಂಟೆನಾ ಸಿಗುತ್ತದೆ. ಅದರ ಬುಡದಲ್ಲಿ ಅಯಸ್ಕಾಂತ. ಬೇರೆ ಕಾರುಗಳ ನೆತ್ತಿಯ ಮೇಲಿಟ್ಟರೆ ಟಪ್ಪೆಂದು ಕಚ್ಚಿಕೊಳ್ಳುತ್ತದೆ. ಹಳೆಯ ಷೆವರ್ಲೆ ಕಾರ್ವೆಟ್ ಮೇಲೆ ಇಡಿ, ಒದ್ದೆ ಸೋಪಿನ ಹಾಗೆ ಜಾರಿ ನೆಲ ಸೇರುತ್ತದೆ. 1953ರಿಂದಲೂ ಆ ಕಾರಿನ ಮೈ ಫೈಬರ್‌ಗ್ಲಾಸ್. ಅಷ್ಟೆಲ್ಲ ಗತ್ತು ಮಾಡುವ ಬಂಡಿ, ಕುಲ ಕೇಳಿದರೆ ತಾರಸಿ ಮೇಲಿನ ನೀರಿನ ಟ್ಯಾಂಕಿನ ದೂರದ ನೆಂಟ!

1997ರಿಂದ 2004ರವರೆಗೆ ಬಂದ ಐದನೇ ತಲೆಮಾರಿನ ಕಾರ್ವೆಟ್ಟನ್ನೇ ತೆಗೆದುಕೊಳ್ಳೋಣ. ಅಲ್ಲಿನ ಎರಡು ಉಪಗ್ರಹ ರೇಡಿಯೋ ಸೇವೆಗಳಲ್ಲಿ ಎಕ್ಸ್‌ಎಂ ಶುರುವಾದದ್ದು 2001ರಲ್ಲಿ, ಸಿರಿಯಸ್ ಮರುವರ್ಷ. 2008ರಲ್ಲಿ ಎರಡೂ ಒಂದಾದವು. ಅಂದರೆ ಕಾರು ಹುಟ್ಟಿದಾಗ ರೇಡಿಯೋ ಇನ್ನೂ ಹೊಟ್ಟೆಯಲ್ಲಿತ್ತು. ಈಗ ಕೂಡಿಸುವವರು ಸಾಮಾನ್ಯವಾಗಿ ಅಂಟುಪಟ್ಟಿ ಹಚ್ಚಿ ಆಂಟೆನಾವನ್ನು ಹೊಳೆಯುವ ಬಣ್ಣದ ಮೇಲೆ ಕೂರಿಸಿಬಿಡುತ್ತಾರೆ. ಮದುಮಗಳ ಮೂಗಿನ ಮೇಲೆ ನರುಳೆ ಬಂದಂತೆ ಕಾಣುತ್ತದೆ. ಅಗತ್ಯವೇ ಇಲ್ಲ. ಅಯಸ್ಕಾಂತವನ್ನು ಒಲ್ಲದ ಫೈಬರ್‌ಗ್ಲಾಸ್ ರೇಡಿಯೋ ಅಲೆಗಳನ್ನು ಮಾತ್ರ ತಡೆಯದೆ ಒಳಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಆಂಟೆನಾವನ್ನು ಹಿಂಬದಿಯ ಹೊದಿಕೆಯ ಅಡಿಯಲ್ಲಿ, ಮುಖ ಮೇಲೆ ಮಾಡಿ, ಬಚ್ಚಿಡಬಹುದು.

ಒಂದೇ ಷರತ್ತು: ಅದರ ಬುಡಕ್ಕೆ ಲೋಹದ ತಗಡು ಬೇಕು. 2.3 ಗಿಗಾಹರ್ಟ್ಸ್ ಆಸುಪಾಸಿನ ಈ ಅಲೆಯ ಉದ್ದ ಸುಮಾರು 13 ಸೆಂಟಿಮೀಟರ್. ಬೇರೆ ಕಾರುಗಳಲ್ಲಿ ಉಕ್ಕಿನ ಚಾವಣಿಯೇ ಕನ್ನಡಿಯಾಗಿ ಅದನ್ನು ಆಂಟೆನಾದತ್ತ ತಿರುಗಿಸುತ್ತದೆ. ಇಲ್ಲಿ ಒಂದು ಗೇಣು ಚದರದ ತಗಡನ್ನು ನಾವೇ ಒದಗಿಸಬೇಕು. ಅದಕ್ಕೆ ಅರ್ಥ್ ತಂತಿ ಜೋಡಿಸಬೇಕಾಗಿಲ್ಲ, ಮಟ್ಟಸವಾಗಿ ಕೂತರೆ ಸಾಕು. ಉಕ್ಕಿನದಾದರೆ ಅಯಸ್ಕಾಂತಕ್ಕೂ ಕೊನೆಗೊಂದು ನೆಲೆ ಸಿಕ್ಕಿತು. 2004ರ ಜ಼ೀ06 ಎಂಬ ಕಾರ್ವೆಟ್ ಮಾದರಿಯ ಸ್ಮರಣಾರ್ಥ ಆವೃತ್ತಿಯ ಬಾನೆಟ್ ಅಡಿ ಮಾತ್ರ ಬೇಡ. ಅದು ಕಾರ್ಬನ್ ಫೈಬರ್, ಅಲೆಯನ್ನು ತಡೆದುಬಿಡುತ್ತದೆ. ಕೇಬಲ್ಲು ಉದ್ದವಾಯಿತೆಂದು ಕತ್ತರಿಸಲೂಬಾರದು. ಅದೇ ಕೇಬಲ್ಲಿನಲ್ಲಿ ಆಂಟೆನಾದೊಳಗಿನ ಪುಟ್ಟ ಆಂಪ್ಲಿಫೈಯರ್‌ಗೆ ಕರೆಂಟೂ ಹೋಗುತ್ತದೆ. ಮಿಕ್ಕಿದ್ದನ್ನು ಅಗಲವಾಗಿ ಸುತ್ತಿ ಕಟ್ಟಿಡಿ. ಎಲ್ಲೋ ಒತ್ತಿ ಜಜ್ಜಿಹೋದರೆ ‘ಆಂಟೆನಾ ಇಲ್ಲ’ ಎಂಬ ಬರಹ ಪರದೆಯ ಮೇಲೆ ಬರುತ್ತದೆ.

ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೋಗೆ ಚಂದಾ ಕಟ್ಟಿದ್ದ ಬೆಂಗಳೂರಿನ ಹಳೆಯ ಗ್ರಾಹಕರಿಗೆ ಈ ಬಚ್ಚಿಡುವಾಟ ಹೊಟ್ಟೆ ಉರಿಸೀತು. ಅವರು ಆಂಟೆನಾವನ್ನು ಕಿಟಕಿಯಲ್ಲಿ ಪೂರ್ವಕ್ಕೆ ಗುರಿಯಿಟ್ಟು, ಕಿಟಕಿಯ ಬಟ್ಟೆಪರದೆ ಅಲುಗಾಡದಂತೆ ಕಾದುಕೊಂಡು ‘ಸ್ಪರ್ಶ’ ವಾಹಿನಿಯ ಕನ್ನಡ ಹಾಡು ಕೇಳಿದವರು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಅದೂ ನಿಂತಿತು.

ಇನ್ನು ಸದ್ದು ಸ್ಟೀರಿಯೋ ಒಳಗೆ ಹೋಗುವ ದಾರಿ. ನಿಸ್ತಂತು ಎಫ್‌ಎಂ ಟ್ರಾನ್ಸ್‌ಮಿಟರ್ ಸುಲಭ, ಆದರೆ ಊರು ದಾಟುತ್ತಿದ್ದಂತೆ ಯಾವುದೋ ಸ್ಟೇಷನ್ ನುಗ್ಗುತ್ತದೆ. ಕ್ಯಾಸೆಟ್ ಡೆಕ್ ಇದ್ದರೆ ಕ್ಯಾಸೆಟ್ ಅಡಾಪ್ಟರ್ ಅದಕ್ಕಿಂತ ಎಷ್ಟೋ ಮೇಲು. ಮೂಲ ಸ್ಟೀರಿಯೋ ಉಳಿಸಿಕೊಳ್ಳುವವರಿಗೆ ನಮ್ಮ ಮತ ಕಾರಿನ ಆಂಟೆನಾಗೂ ಸ್ಟೀರಿಯೋಗೂ ನಡುವೆ ಕೂರುವ ಎಫ್‌ಎಂ ಡೈರೆಕ್ಟ್ ಅಡಾಪ್ಟರ್‌ಗೆ. ಉಪಗ್ರಹ ರೇಡಿಯೋ ಹಾಕಿದಾಗ ಅದು ಹೊರಗಿನ ಸ್ಟೇಷನ್‌ಗಳ ಬಾಯಿ ಮುಚ್ಚಿಸುತ್ತದೆ. ಎಡವುವುದು ಪ್ಲಗ್ಗಿನಲ್ಲಿ: ಆ ಕಾಲದ ಜನರಲ್ ಮೋಟರ್ಸ್ ಕಾರುಗಳದ್ದು ಕಿರಿದಾದ ಪ್ಲಗ್, ಈ ಅಡಾಪ್ಟರ್‌ನದು ದಪ್ಪನೆಯ ಮೋಟೊರೋಲಾ ಪ್ಲಗ್. ಆಚೆಗೊಂದು, ಈಚೆಗೊಂದು ಪರಿವರ್ತಕ ಬೇಕು, ಅವೂ ಒಂದಕ್ಕೊಂದು ತಿರುವುಮುರುವು. ಒಂದೇ ಬಗೆಯ ಎರಡು ತಂದವರು ಡ್ಯಾಶ್‌ಬೋರ್ಡ್ ಬಿಚ್ಚಿಟ್ಟುಕೊಂಡೇ ಮತ್ತೆ ಅಂಗಡಿಗೆ ಓಡುತ್ತಾರೆ.

ಕರೆಂಟಿಗೆ ಫ್ಯೂಸ್ ಪೆಟ್ಟಿಗೆ ಎಡತಾಕಬೇಕು. ಅದಿರುವುದು ಪಕ್ಕದ ಸೀಟಿನವರ ಕಾಲಡಿಯ ಹಲಗೆಯ ಹಿಂದೆ. ಕೀ ತಿರುಗಿಸಿದಾಗಷ್ಟೇ ಜೀವ ಬರುವ ಫ್ಯೂಸ್ ಹುಡುಕಿ, 2 ಆಂಪಿಯರ್‌ನ ಕವಲು ತೆಗೆಯಿರಿ. ಮಲ್ಟಿಮೀಟರ್ ಹಿಡಿಯುವಾಗ ಬಾಗಿಲು ತೆರೆದಿರಲಿ. ಕೀ ತೆಗೆದ ಮೇಲೂ ಬಾಗಿಲು ತೆರೆಯುವ ತನಕ ಈ ಕಾರು ಸ್ವಲ್ಪ ಹೊತ್ತು ಸ್ಟೀರಿಯೋಗೆ ಕರೆಂಟು ಕೊಡುತ್ತಲೇ ಇರುತ್ತದೆ; ಗೊತ್ತಿಲ್ಲದವರು ಸರಿಯಾದ ಫ್ಯೂಸನ್ನೇ ತಪ್ಪೆಂದು ಬಿಟ್ಟುಬಿಡುತ್ತಾರೆ. ಉಪಗ್ರಹ ರೇಡಿಯೋ ಕೂರುವ ತೊಟ್ಟಿಲಿಗೆ (ಡಾಕ್) ಬೇಕಾದ್ದು 5 ವೋಲ್ಟ್. ಪ್ಲಗ್ ಕತ್ತರಿಸಿ ನೇರ 12 ವೋಲ್ಟ್ ಕೊಟ್ಟರೆ ಸುಟ್ಟ ವಾಸನೆಯಷ್ಟೇ ಲಾಭ. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಸೊಳ್ಳೆಯ ರಾಗ ಏರುತ್ತಿದ್ದರೆ ಅದು ಆಲ್ಟರ್ನೇಟರ್‌ನ ಗೊಣಗು: ರೇಡಿಯೋದ ಅರ್ಥ್ ತಂತಿಯನ್ನು ಸ್ಟೀರಿಯೋದ ಅರ್ಥ್ ಇರುವ ಜಾಗಕ್ಕೇ ತನ್ನಿ.

ಚಂದಾ ಚಾಲೂ ಮಾಡುವಾಗ ಕಾರು ಗ್ಯಾರೇಜಿನಿಂದ ಹೊರಗಿರಬೇಕು; ಅಪ್ಪಣೆ ಬರುವುದೂ ಆಕಾಶದಿಂದಲೇ. ಸೊನ್ನೆ ವಾಹಿನಿಗೆ ಹೋದರೆ ರೇಡಿಯೋದ ಗುರುತಿನ ಸಂಖ್ಯೆ ಕಾಣುತ್ತದೆ. ಅದನ್ನು ಕೊಟ್ಟು, ದಕ್ಷಿಣ ದಿಕ್ಕು ಬಯಲಾಗಿರುವ ಕಡೆ ಕಾಲು ಗಂಟೆ ನಿಲ್ಲಿಸಿ. ಬಿಚ್ಚಿದ ಹೊದಿಕೆಗಳ ಸ್ಕ್ರೂ ಬಿಗಿಯುವುದು ಆಮೇಲೆ. ಸೇತುವೆಯ ಕೆಳಗೆ ಹಾದರೂ ಹಾಡು ಕಡಿಯುವುದಿಲ್ಲ, ರೇಡಿಯೋ ಕೆಲವು ಸೆಕೆಂಡಿನ ಬುತ್ತಿ ಕಟ್ಟಿಕೊಂಡಿರುತ್ತದೆ. ಪೆಟ್ರೋಲ್ ಬಂಕಿನ ಚಾವಣಿಯಡಿ ನಿಂತರೆ ಮಾತ್ರ ಬುತ್ತಿ ಮುಗಿದು ಮೌನ. ಆಗ ಸ್ಕ್ರೂಡ್ರೈವರ್ ಹುಡುಕಬೇಡಿ. ಟ್ಯಾಂಕ್ ತುಂಬಿಸಿ ಹತ್ತಡಿ ಮುಂದೆ ಬನ್ನಿ.