ಕಣ್ಣೀರಿನ ಪಿಗ್ಮಿ

ಬಳ್ಳಾರಿಯಲ್ಲಿ ಟಿವಿ ನೋಡಿ ಅಳುವುದಕ್ಕೆ ಒಂದು ಭಾಷೆ ಸಾಲುವುದಿಲ್ಲ. ನಮ್ಮ ಓಣಿಯಲ್ಲೇ ಒಂದು ಮನೆಯಲ್ಲಿ ತೆಲುಗು ಸೀರಿಯಲ್, ಪಕ್ಕದ ಮನೆಯಲ್ಲಿ ಕನ್ನಡ, ಕೌಲ್ ಬಜಾರ್ ಕಡೆ ಹೋದರೆ ಹಿಂದಿ. ತಮಿಳಿನ ‘ಚಿತ್ತಿ’ ತೆಲುಗಿನಲ್ಲಿ ‘ಪಿನ್ನಿ’ ಆಗಿ ಜೆಮಿನಿ ಟಿವಿಯಲ್ಲಿ ಬರುತ್ತಿದ್ದ ಕಾಲಕ್ಕೆ ರಾಧಿಕಾ ಅತ್ತರೆ ನಮ್ಮ ಓಣಿಯೂ ಅಳುತ್ತಿತ್ತು. ಮದ್ರಾಸಿನಲ್ಲಿ ಹುಟ್ಟಿದ ದುಃಖ, ತೆಲುಗಿನಲ್ಲಿ ಮಾತು, ಮೂಗು ಒರೆಸಿಕೊಳ್ಳುವುದು ಮಾತ್ರ ಕನ್ನಡದಲ್ಲಿ.

ಹಾಗಾಗಿ ಧಾರಾವಾಹಿಗಳಲ್ಲಿ ಎಲ್ಲಕ್ಕಿಂತ ಕರುಳು ಹಿಂಡಿದ ದೃಶ್ಯ ಯಾವುದು ಅಂತ ಇಲ್ಲಿ ಸುಮ್ನೆ ಕೇಳಿ ನೋಡಿ, ಜಗಳವೇ ಆಗುತ್ತದೆ. ಒಬ್ಬರು ದ್ರೌಪದಿ ಅನ್ನುತ್ತಾರೆ, ಇನ್ನೊಬ್ಬರು ಪುಟ್ಟಕ್ಕ ಅನ್ನುತ್ತಾರೆ. ನಮ್ಮ ದೊಡ್ಡಪ್ಪ ಎರಡನ್ನೂ ಒಪ್ಪುವುದಿಲ್ಲ. ಅವರ ಪ್ರಕಾರ ಟಿವಿಯವರಿಗೆ ಅಳಿಸುವುದಕ್ಕೇ ಬರುವುದಿಲ್ಲ.

ದೊಡ್ಡಪ್ಪನ ಮಾತನ್ನು ತಳ್ಳಿಹಾಕುವ ಹಾಗೂ ಇಲ್ಲ. ಇದು ದೊಡ್ಡ ರಂಗನಟ ಬಳ್ಳಾರಿ ರಾಘವರ ಊರು. ಸುಭದ್ರಮ್ಮ ಮನ್ಸೂರು ‘ರಕ್ತರಾತ್ರಿ’ ನಾಟಕದ ದ್ರೌಪದಿಯಾಗಿ ನಿಂತರೆ ಕೊನೆಯ ಸಾಲಿನವನಿಗೂ ಮೈ ಜುಂ ಅನ್ನುತ್ತಿತ್ತು ಅಂತ ನೋಡಿದವರೆಲ್ಲ ಹೇಳುತ್ತಾರೆ. ಅಂಥದ್ದನ್ನು ನೋಡಿದ ಕಣ್ಣಿಗೆ 1988ರಲ್ಲಿ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಶುರುವಾಯಿತು. ಭಾನುವಾರ ಬೆಳಿಗ್ಗೆ ಓಣಿಯಲ್ಲಿ ನಾಯಿ ಕೂಡ ಓಡಾಡುತ್ತಿರಲಿಲ್ಲ. ಜೂಜಿನ ಸಭೆಯ ಕಂತು ಬಂತು, ರೂಪಾ ಗಂಗೂಲಿ ಸಭೆಗೆಲ್ಲ ಪ್ರಶ್ನೆ ಹಾಕಿದರು, ಮನೆ ತುಂಬ ಕೂತಿದ್ದ ಜನ ಉಸಿರು ಬಿಗಿಹಿಡಿದು ನೋಡಿದರು. ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಎದ್ದು ಪಂಚೆ ಕೊಡವಿಕೊಂಡು ಅಂದದ್ದು ಇಷ್ಟೇ: ‘ಎಲ್ಲಾ ಛಲೋ ಐತಿ. ಆದ್ರೆ ಆಕಿ ಒಂದು ಹಾಡೂ ಹಾಡ್ಲಿಲ್ಲಲ್ಲೋ!’

ಹಾಡಿಲ್ಲದ ಅಳು ಅವರ ಲೆಕ್ಕದಲ್ಲಿ ಅಳುವೇ ಅಲ್ಲ. ಕಂಪನಿ ನಾಟಕದಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವನ ಮುಂದೆ ಚಂದ್ರಮತಿ ಹಾಡಿಕೊಂಡು ಅಳುತ್ತಾಳೆ, ಜನ ಗೋಳೋ ಅನ್ನುತ್ತಾರೆ, ಆಮೇಲೆ ‘ಒನ್ಸ್ ಮೋರ್’ ಅಂತ ಕೂಗುತ್ತಾರೆ, ಪೇಟಿಯವನು ಮತ್ತೆ ಸ್ವರ ಹಿಡಿಯುತ್ತಾನೆ, ಪಾಪ ಆ ತಾಯಿ ಮೊದಲಿಂದ ಮತ್ತೆ ಅಳಬೇಕು. ಈಗ ಧಾರಾವಾಹಿಯಲ್ಲಿ ಒಂದು ಕೆಟ್ಟ ಸುದ್ದಿ ಬಂದರೆ ಸೊಸೆಯ ಮುಖ ಮೂರು ಸಲ ತೋರಿಸುತ್ತಾರಲ್ಲ, ಢಂ ಢಂ ಢಂ ಅಂತ? ನಾವೆಲ್ಲ ನಗುತ್ತೇವೆ. ನನಗೇನೋ ಅದು ಹಳೆಯ ಒನ್ಸ್ ಮೋರೇ ಅನ್ನಿಸುತ್ತದೆ. ಆಗ ಜನ ಕೇಳಿದರೆ ಕೊಡುತ್ತಿದ್ದರು, ಈಗ ಕೇಳದೆಯೇ ಕೊಡುತ್ತಾರೆ. ಅಷ್ಟೇ ವ್ಯತ್ಯಾಸ.

ಗುರುವಾರ ಗುರುವಾರ ಟಿಆರ್‌ಪಿ ಬರುತ್ತದೆ ಅಂತ ಚಾನೆಲ್‌ನವರು ಕಾಯುತ್ತಾರಂತೆ. ನಮ್ಮ ಮನೆಯಲ್ಲಿ ಅದಕ್ಕಿಂತ ನಂಬಿಕಸ್ತ ಅಳತೆ ಇದೆ. ಅವ್ವ ಧಾರಾವಾಹಿ ನೋಡುವಾಗ ಬರೀ ಕೈಯಲ್ಲಿ ಕೂರುವುದಿಲ್ಲ. ಮೊರದಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತಾಳೆ. ಕಣ್ಣು ಟಿವಿ ಮೇಲೆ, ಕೈ ತನ್ನ ಪಾಡಿಗೆ ತಾನು. ಹೆಬ್ಬೆರಳಿಂದ ಒತ್ತಿದರೆ ಟಕ್, ಸಿಪ್ಪೆ ಎಡಕ್ಕೆ, ಕಾಳು ಬಲಕ್ಕೆ. ಅತ್ತೆ ಸೊಸೆಯ ಕೆನ್ನೆಗೆ ಬಾರಿಸಲಿ, ಮದುವೆ ಮಂಟಪಕ್ಕೆ ಪೊಲೀಸರು ಬರಲಿ, ಆ ಟಕ್ ಟಕ್ ನಿಲ್ಲುವುದಿಲ್ಲ. ನಿರ್ದೇಶಕರು ಗ್ಲಿಸರಿನ್ ಖಾಲಿ ಮಾಡಿದರೂ ನಿಲ್ಲುವುದಿಲ್ಲ. ಯಾವಾಗಲೋ ಒಮ್ಮೆ ನಿಲ್ಲುತ್ತದೆ. ಒಡೆಯದ ಕಾಯಿ ಬೆರಳ ನಡುವೆ ಹಾಗೇ ಇರುತ್ತದೆ, ಮೊರ ಮಡಿಲಿಂದ ಸ್ವಲ್ಪ ಜಾರುತ್ತದೆ, ಅವ್ವನಿಗೆ ಗೊತ್ತಾಗುವುದಿಲ್ಲ.

‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ 2024ರಲ್ಲಿ ಸ್ನೇಹಾ ಸತ್ತಾಗ ಹೀಗೇ ನಿಂತಿತ್ತು. ಉಮಾಶ್ರೀ ಅವರ ಪುಟ್ಟಕ್ಕ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದವಳು. 2021ರಿಂದ ದಿನಾ ಸಂಜೆ ನಮ್ಮ ಮನೆಗೆ ಬರುತ್ತಿದ್ದಳು. ಓದಿ ದೊಡ್ಡ ಅಧಿಕಾರಿಯಾಗುತ್ತೇನೆ ಅಂತ ಹಟ ಹಿಡಿದ ಮಗಳು, ಆಗಿಯೂ ಬಿಟ್ಟಳು, ಆಮೇಲೆ ಹೋಗಿಬಿಟ್ಟಳು. ಆ ನಟಿ ಧಾರಾವಾಹಿ ಬಿಡುತ್ತಿದ್ದಾರೆ, ಅದಕ್ಕೇ ಪಾತ್ರವನ್ನು ಮುಗಿಸುತ್ತಿದ್ದಾರೆ ಅಂತ ಅವ್ವನಿಗೆ ಮೊದಲೇ ಗೊತ್ತಿತ್ತು. ಪ್ರೊಮೊ ಕೂಡ ನೋಡಿದ್ದಳು. ಗೊತ್ತಿದ್ದೂ ಕೈ ನಿಂತಿತು. ಮರುದಿನ ಪಕ್ಕದ ಮನೆ ಚಿಗವ್ವ ಬಂದು ಕೂತು, ಇಬ್ಬರೂ ‘ಇನ್ನು ಆಕಿ ಹೆಂಗ ಬದುಕ್ತಾಳ ಪಾಪ’ ಅಂತ ಮಾತಾಡಿಕೊಂಡರು. ಓಣಿಯಲ್ಲೇ ಯಾರದೋ ಮನೆಯ ಸಾವಿನ ಸುದ್ದಿ ಅಂದುಕೊಂಡು ನಾನು ಒಳಗಿಂದ ‘ಯಾರು?’ ಅಂತ ಕೇಳಿದೆ. ಇಬ್ಬರೂ ನನ್ನನ್ನು ನೋಡಿದ ನೋಟ ಹೇಳಬಾರದು.

ಇದು ಸಿನಿಮಾಕ್ಕೆ ಸಾಧ್ಯವಿಲ್ಲ ಅನ್ನುವುದು ನನ್ನ ವಾದ. ಸಿನಿಮಾ ಎರಡೂವರೆ ತಾಸಿನಲ್ಲಿ ಪರಿಚಯ ಮಾಡಿಕೊಂಡು, ಪ್ರೀತಿ ಹುಟ್ಟಿಸಿ, ಸಾಯಿಸಿ, ಚಪ್ಪಾಳೆ ತಗೊಂಡು ಹೋಗಬೇಕು. ಧಾರಾವಾಹಿಗೆ ಅವಸರವೇ ಇಲ್ಲ. ಅದರದ್ದು ಚೂರು ಚೂರೇ ಕಟ್ಟುವ ಪಿಗ್ಮಿ ಉಳಿತಾಯದ ಲೆಕ್ಕ. ದಿನಾ ಸಂಜೆ ಮನೆ ಬಾಗಿಲಿಗೆ ಬಂದು ನಮ್ಮ ಅರ್ಧ ತಾಸು ಇಸ್ಕೊಂಡು ಹೋಗುತ್ತದೆ. ಇವತ್ತು ಏನಾಯಿತು? ಏನೂ ಇಲ್ಲ, ಸಾರಿಗೆ ಉಪ್ಪು ಜಾಸ್ತಿ ಆಯಿತು, ನಾದಿನಿ ಮುಖ ಊದಿಸಿದಳು. ನಾಳೆ? ಅದೇ ನಾದಿನಿ, ಅದೇ ಮುಖ. ಬೋರು ಅಂತ ಬೈಯುತ್ತಲೇ ಕಟ್ಟುತ್ತೇವೆ. ಹೀಗೆ ವರ್ಷಗಟ್ಟಲೆ ಕಟ್ಟಿದ್ದು ಒಂದು ದಿನ ಬಡ್ಡಿ ಸಮೇತ ಕೈಗೆ ಬರುತ್ತದಲ್ಲ, ಆವಾಗ ಅಳು. ಆ ದಿನದ ದೃಶ್ಯ ಅಷ್ಟೇನೂ ಚೆನ್ನಾಗಿರಬೇಕಿಲ್ಲ. ಸಂಭಾಷಣೆ ಸಪ್ಪೆ ಇರಬಹುದು, ಆಸ್ಪತ್ರೆಯ ಸೆಟ್ಟಿನಲ್ಲಿ ಗೋಡೆ ಅಲ್ಲಾಡಬಹುದು. ನಾವು ಅಳುವುದು ಆ ಸಾರು, ಆ ಉಪ್ಪು, ಆ ಊದಿದ ಮುಖದ ನೆನಪಿಗೆ.

ಅದಕ್ಕೇ ಸತ್ತವರು ಎದ್ದು ಬಂದರೆ ನನಗೆ ಸಿಟ್ಟು ಬರುತ್ತದೆ. ಪಿಗ್ಮಿಯವನು ದುಡ್ಡು ಎತ್ತಿಕೊಂಡು ಓಡಿಹೋದ ಹಾಗೆ. 2000ದಲ್ಲಿ ಶುರುವಾದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ ಮಿಹಿರ್ ಸತ್ತಾಗ ದೇಶಕ್ಕೆ ದೇಶವೇ ಅತ್ತಿತು, ಜನರ ಒತ್ತಾಯ ತಡೆಯಲಾರದೆ ಅವನನ್ನು ವಾಪಸ್ ಕರೆತಂದರು. ಆವತ್ತಿಂದ ಧಾರಾವಾಹಿಯಲ್ಲಿ ಸಾವಿನ ಬೆಲೆ ಕುಸಿದದ್ದು ಮತ್ತೆ ಏಳಲೇ ಇಲ್ಲ. ನಮ್ಮ ‘ಪುಟ್ಟಗೌರಿ ಮದುವೆ’ಯ ಗೌರಿ ಬೆಟ್ಟದಿಂದ ಬಿದ್ದು ಬದುಕಿದಾಗ ಎಷ್ಟು ಜೋಕು ಹುಟ್ಟಿದವು, ನೆನಪಿದೆಯಲ್ವಾ? ಅಲ್ಲಿಂದಾಚೆ ಜನ ಹುಷಾರಾದರು. ಹೆಣ ತೋರಿಸಿದರೂ ‘ಮುಖ ತೋರಿಸಿದ್ರಾ?’ ಅಂತ ಕೇಳುತ್ತಾರೆ. ಮುಖ ತೋರಿಸಿದ್ದರೆ ‘ಅವಳಿ ಜವಳಿ ಇರಬಹುದು’ ಅನ್ನುತ್ತಾರೆ. ಅಳು ತಡೆಹಿಡಿದು ಒಂದು ವಾರ ಕಾದು, ವಾಪಸ್ ಬರಲಿಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಅಳುವವರನ್ನೂ ನೋಡಿದ್ದೇನೆ.

ಇಂಥ ಯಾವ ಆಟವನ್ನೂ ಆಡದೆ ಅಳಿಸಿದ್ದು ‘ಗೃಹಭಂಗ’. ಭೈರಪ್ಪನವರ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಈಟಿವಿ ಕನ್ನಡಕ್ಕೆ ಮಾಡಿದ್ದು, ಮಾಳವಿಕಾ ಅದರಲ್ಲಿ ನಂಜಮ್ಮ. ಕತೆಯಲ್ಲಿ ಗಂಡ ಉಂಡು ಮಲಗುವ ಆಸಾಮಿ, ಅತ್ತೆಯ ಬಾಯಿ ಬಿಟ್ಟರೆ ಬೈಗುಳ, ಶಾನುಭೋಗಿಕೆಯ ಲೆಕ್ಕವನ್ನೂ ಇವಳೇ ಬರೆದು ಮನೆ ನಡೆಸಬೇಕು. ಇನ್ನೇನು ದಡ ಸೇರಿದಳು ಅನ್ನುವಾಗ ಪ್ಲೇಗು ಬರುತ್ತದೆ. ಮದುವೆಯಾದ ಮಗಳು, ಓದುವ ಮಗ, ಒಬ್ಬರ ಹಿಂದೆ ಒಬ್ಬರು. ಅದು ತುಮಕೂರು, ತಿಪಟೂರು ಕಡೆಯ ಕತೆ, ತೆಂಗಿನ ಸೀಮೆಯದು, ನಮ್ಮ ಎರೆಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದದ್ದನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ನಂಜಮ್ಮನ ಮಕ್ಕಳು ಹೋದ ದಿನ ಅಜ್ಜಿ ಟಿವಿ ಮುಂದಿಂದ ಎದ್ದು ಹೋಗಿ ಹಿತ್ತಲಲ್ಲಿ ಕೂತಳು. ಅಳಲಿಲ್ಲ. ಊಟಕ್ಕೆ ಕರೆದರೆ ‘ಆಮೇಲೆ’ ಅಂದಳು. ಅಲ್ಲಿ ಯಾರೂ ಎದ್ದು ಬರುವುದಿಲ್ಲ, ಅವಳಿ ಜವಳಿ ಇಲ್ಲ. ಕೊನೆಗೆ ನಂಜಮ್ಮನೂ ಉಳಿಯುವುದಿಲ್ಲ.

ಇನ್ನೊಂದು ಇದೆ, ಸಾವೇ ಇಲ್ಲದ್ದು. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ರಾಜಂ ಊರು ಬಿಡುವುದು. ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣವನ್ನೇ ಮಾಲ್ಗುಡಿ ಮಾಡಿದ್ದರು. ಸಿಟ್ಟಾದ ಗೆಳೆಯ ರೈಲಿನಲ್ಲಿ, ಮಾಸ್ಟರ್ ಮಂಜುನಾಥನ ಸ್ವಾಮಿ ಕೆಳಗೆ. ಸಣ್ಣವರಿದ್ದಾಗ ಅದನ್ನು ನೋಡಿದವರಿಗೆ ಇವತ್ತಿಗೂ ಸ್ಟೇಷನ್ನಿನಲ್ಲಿ ಯಾರನ್ನಾದರೂ ಕಳಿಸುವಾಗ ಗಂಟಲು ಕಟ್ಟುತ್ತದೆ. ಇದರ ಬಗ್ಗೆ ಜಾಸ್ತಿ ಬರೆಯಲಾರೆ.

ಗಂಡಸರು ಅಳುವುದಿಲ್ಲವೇ? ಅಳುತ್ತಾರೆ. ಅವರಿಗೆ ಬಳ್ಳಾರಿ ಒಂದು ಅನುಕೂಲ ಮಾಡಿಕೊಟ್ಟಿದೆ. ಬೇರೆ ಊರಿನವರು ಕಣ್ಣಿಗೆ ಕಸ ಬಿತ್ತು ಅಂದರೆ ಯಾರೂ ನಂಬುವುದಿಲ್ಲ. ಇಲ್ಲಿ ಅದಿರಿನ ಲಾರಿಗಳ ಕೆಂಪು ಧೂಳಿದೆ, ಬೇಸಿಗೆಯ ಬಿಸಿಗಾಳಿ ಇದೆ. ಅಪ್ಪ ಪೇಪರ್ ಅಡ್ಡ ಹಿಡಿದು ಕೂತಿರುತ್ತಾನೆ. ಪುಟ ಮಗುಚುವುದಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು ‘ಏನು ಧೂಳಪ್ಪ ಈ ಊರಾಗ’ ಅನ್ನುತ್ತಾನೆ. ಕಿಟಕಿ ಹಾಕಿರುತ್ತದೆ.

ಇನ್ನು ಕರೆಂಟು. ಆ ಕಡೆ ರಾಯಚೂರಿನ ಶಕ್ತಿನಗರ, ಈ ಕಡೆ ನಮ್ಮ ಕುಡತಿನಿ, ಎರಡೂ ಸೇರಿದರೆ 3400 ಮೆಗಾವ್ಯಾಟ್ ದಾಟುವ ಸ್ಥಾವರಗಳು. ನಡುವೆ ಕೂತ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಮಾತ್ರ ಸರಿಯಾಗಿ ಡಾಕ್ಟರು ಬಾಗಿಲು ತೆಗೆದು ಹೊರಗೆ ಬಂದು ಕನ್ನಡಕ ತೆಗೆಯುವ ಹೊತ್ತಿಗೆ ಕೈ ಕೊಡುತ್ತದೆ. ಆಗ ಎಲ್ಲರೂ ಕಟ್ಟೆಗೆ ಬರುತ್ತಾರೆ. ಇನ್ವರ್ಟರ್ ಇರುವ ಮನೆಯ ಚಿಗವ್ವ ಕಂತು ಮುಗಿಸಿಕೊಂಡು ಕೊನೆಗೆ ಬರುತ್ತಾಳೆ. ಅವಳು ಬರುವವರೆಗೆ ಯಾರೂ ಒಳಗೆ ಹೋಗುವುದಿಲ್ಲ.

‘ಏನಾತವ್ವ?’

‘ಏನಾಗೋದು. ಡಾಕ್ಟ್ರು ಹೇಳಿಬಿಟ್ಟ. ಆಕಿ ನೋಡು, ಸೆರಗು ಬಾಯಾಗ ಇಟ್ಕಂಡು ಹಂಗಾ ಗ್ವಾಡಿಗೆ ಕುಂತ್ಲು. ಒಂದು ಹನಿ ಹಾಕ್ಲಿಲ್ಲ. ಬುತ್ತಿ ತಂದಿದ್ಲಲ್ಲ, ಅದನ್ನಾ ಬಿಚ್ಚೋದು, ಕಟ್ಟೋದು.’

ಕತ್ತಲೆಯಲ್ಲಿ ಎಲ್ಲರ ಮೂಗೂ ಸೊರ್ ಅನ್ನುತ್ತದೆ. ಮರುದಿನ ಬೆಳಿಗ್ಗೆ ಅದೇ ಕಂತನ್ನು ನಾನು ನೋಡಿದೆ. ಬುತ್ತಿಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ನಾಯಕಿ ನಿಂತಲ್ಲೇ ‘ಇಲ್ಲಾ’ ಅಂತ ಕಿರುಚಿ ಕುಸಿದಳು, ಮೂರು ಸಲ ಮುಖ ತೋರಿಸಿದರು, ಜಾಹೀರಾತು ಬಂತು. ಚಿಗವ್ವನನ್ನು ಯಾವ ಚಾನೆಲ್‌ನವರೂ ಇನ್ನೂ ಕರೆದಿಲ್ಲ, ನಷ್ಟ ಅವರದ್ದೇ.

ಈಗ ಎಲ್ಲ ಮೊಬೈಲಿನಲ್ಲಿ ತುಣುಕು ತುಣುಕಾಗಿ ಬರುತ್ತದೆ. ಅಳುವ ಎರಡು ನಿಮಿಷವನ್ನಷ್ಟೇ ಕತ್ತರಿಸಿ, ಪಿಟೀಲು ಸೇರಿಸಿ ಹಾಕುತ್ತಾರೆ. ಪಿಗ್ಮಿ ಕಟ್ಟದೆ ಬಡ್ಡಿ ಕೇಳುವ ಮಂದಿ. ಮೊನ್ನೆ ತಂಗಿ ಒಂದು ಕೊರಿಯನ್ ಧಾರಾವಾಹಿಯ ತುಣುಕನ್ನು ಅವ್ವನಿಗೆ ತೋರಿಸಿದಳು. ಇದನ್ನು ನೋಡಿ ಅಳದವರೇ ಇಲ್ಲ ಅಂತ ಪೀಠಿಕೆ ಬೇರೆ. ಆಸ್ಪತ್ರೆ ಮಂಚದ ಮೇಲೆ ಒಬ್ಬ ಮುದುಕಿ, ಪಕ್ಕದಲ್ಲಿ ಹುಡುಗಿ, ಇಬ್ಬರೂ ಅಳುತ್ತಿದ್ದರು. ತಂಗಿಯೂ ಅಳುತ್ತಿದ್ದಳು. ಅವ್ವ ಕನ್ನಡಕ ಏರಿಸಿ ಮರ್ಯಾದೆಯಿಂದ ಪೂರ್ತಿ ನೋಡಿದಳು.

‘ಪಾಪ. ಯಾರ ಮಗಳವ್ವ ಆಕಿ?’

‘ಅಯ್ಯೋ, ಅದು ಕತೆ ಗೊತ್ತಿರಬೇಕವ್ವ.’

‘ಮತ್ತ ಮೊದಲಿಂದ ಹಾಕು.’

‘ಪೂರ್ತಿ ಹದಿನಾರು ಕಂತು ಐತಿ ನೋಡು’ ಅಂತ ತಂಗಿ ಎಚ್ಚರಿಸಿದಳು.

ಅವ್ವ ಫೋನು ವಾಪಸ್ ಕೊಟ್ಟಳು. ‘ಹದಿನಾರಾ? ಅಷ್ಟರಾಗ ಯಾರ ಪರಿಚಯ ಆಗ್ತೈತೆ?’