ಸಕ್ಕರೆ ಡಬ್ಬಿಯೂ ರಾತ್ರಿಯ ಪ್ರಾರ್ಥನೆಯೂ

ಹಸಿವಾದಾಗ ನಾನು ಊಟ ಮಾಡುತ್ತೇನೆ, ಬೇಸರವಾದಾಗ ಸಿಹಿ ತಿನ್ನುತ್ತೇನೆ. ಇವೆರಡೂ ಬೇರೆ ಬೇರೆ ಎಂಬುದು ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ, ಅದೂ ಬೆಲ್ಟಿನ ಕೊನೆಯ ತೂತೂ ಸಾಲದೆ ಹೋಗಿ, ಚಾಕುವಿನ ಮೊನೆಯಿಂದ ಹೊಸದೊಂದನ್ನು ಕೊರೆಯುತ್ತಾ ಕುಳಿತಿದ್ದ ಒಂದು ಭಾನುವಾರ ಬೆಳಿಗ್ಗೆ. ಅಧಿಕಾರಿ ಗದರಿದ ದಿನ ಒಂದು ಚಾಕೊಲೇಟು, ಗದರದೆ ಬರೀ ಒಮ್ಮೆ ನೋಡಿ ಹೋದ ದಿನ ಎರಡು. ಮಗಳ ಅಂಕ ಕಡಿಮೆಯಾದರೆ ದುಃಖಕ್ಕೆ ಬಿಸ್ಕತ್ತು, ಹೆಚ್ಚಾದರೆ ಸಂತೋಷಕ್ಕೆ ಅದೇ ಬಿಸ್ಕತ್ತು. ಏನೂ ನಡೆಯದ ದಿನಗಳಲ್ಲಿ, ಏನೂ ನಡೆಯಲಿಲ್ಲವಲ್ಲ ಎಂಬ ಕೊರಗಿಗೆ ಒಂದು ಚಮಚ ಸಕ್ಕರೆ.

ಈ ಕೊನೆಯ ಬಾಬತ್ತಿನಿಂದಲೇ ನನ್ನ ಮಾನ ಮೊದಲ ಸಲ ಹೋದದ್ದು. ರಾತ್ರಿ ಹನ್ನೊಂದು ದಾಟಿತ್ತು. ದೀಪ ಹಾಕಿದರೆ ಹೆಂಡತಿಗೆ ಎಚ್ಚರವಾದೀತೆಂದು ಕತ್ತಲಲ್ಲೇ ಅಡುಗೆಮನೆಗೆ ನಡೆದು, ಕಪಾಟಿನಲ್ಲಿ ಎಡಗಡೆಯಿಂದ ಎರಡನೆಯ ಡಬ್ಬಿಯನ್ನು ಬೆರಳಿನಿಂದಲೇ ಎಣಿಸಿ ತೆಗೆದು, ಮುಚ್ಚಳ ಸದ್ದಾಗದಂತೆ ಅದನ್ನು ಎದೆಗೆ ಒತ್ತಿ ತಿರುಗಿಸಿ, ಚಮಚ ತುಂಬ ಎತ್ತಿ ಬಾಯಿಗೆ ಸುರಿದುಕೊಂಡೆ. ಉಪ್ಪು. ಆ ದಿನ ಮಧ್ಯಾಹ್ನವೇ ಅವಳು ಕಪಾಟು ಒರೆಸಿ ಡಬ್ಬಿಗಳ ಸ್ಥಾನಪಲ್ಲಟ ಮಾಡಿದ್ದಳು. ನುಂಗುವಂತಿಲ್ಲ, ಸದ್ದು ಮಾಡಿ ಉಗುಳುವಂತಿಲ್ಲ. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿರುವಾಗ ದೀಪ ಹೊತ್ತಿತು. ಅವಳು ನನ್ನ ಮುಖ ನೋಡಿ ಮೆತ್ತಗೆ, ‘ಪ್ರಾರ್ಥನೆ ಮಾಡ್ತಾ ಇದ್ರೇನ್ರೀ?’ ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ನೀವು ಭೂಮಿಗೆ ಉಪ್ಪಾಗಿದ್ದೀರಿ ಎಂದು ಕರ್ತನಾದ ಯೇಸು ಹೇಳಿದ ಮಾತನ್ನು ಇಷ್ಟು ಸಮೀಪದಿಂದ ಅನುಭವಿಸಿದವರು ನಮ್ಮ ಚರ್ಚಿನ ಸಭೆಯಲ್ಲಿ ಬೇರೆ ಯಾರೂ ಇರಲಾರರು.

ಆ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ಗೆ ಸಕ್ಕರೆ ಬಿಡುವ ಹರಕೆ ಹೊತ್ತೆ. ಅದರ ಮೊದಲ ದಿನವಾದ ಬೂದಿ ಬುಧವಾರದಂದು ಬಹಳ ಗಂಭೀರವಾಗಿ ಆರಂಭಿಸಿದವನು ಗುರುವಾರ ಸಂಜೆಯ ಹೊತ್ತಿಗೆ ಲೆಕ್ಕಪರಿಶೋಧಕನಾಗಿದ್ದೆ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ. ಆದರೆ ಉಪವಾಸದ ದಿನಗಳು 40, ಏಕೆಂದರೆ ನಡುವೆ ಬರುವ 6 ಭಾನುವಾರಗಳು ಯೇಸುವಿನ ಪುನರುತ್ಥಾನದ ನೆನಪಿನ ದಿನಗಳಾದುದರಿಂದ ಲೆಕ್ಕಕ್ಕೆ ಸೇರುವುದಿಲ್ಲ. ಸಭೆಯ ಇತಿಹಾಸದಲ್ಲಿ ಇಷ್ಟು ಸುಂದರವಾದ ವಿಷಯವಿದೆಯೆಂದು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಶನಿವಾರ ರಾತ್ರಿ ಗಡಿಯಾರದ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು, ಹನ್ನೆರಡು ಹೊಡೆದ ಕೂಡಲೇ ಪುನರುತ್ಥಾನದ ಸಂತೋಷಕ್ಕೆ ಕೈ ಹಾಕಿದೆ. ವಾರದ ದಿನಗಳಿಗೂ ದಾರಿ ಸಿಕ್ಕಿತು: ಜೇನುತುಪ್ಪ ಸಕ್ಕರೆಯಲ್ಲ, ಬೈಬಲಿನ ಪ್ರವಾದಿ ಸ್ನಾನಿಕ ಯೋಹಾನನೇ ಅಡವಿಯಲ್ಲಿ ಅದನ್ನು ತಿಂದು ಬದುಕಿದವನು. ಅವನು ಅದರ ಜೊತೆಗೆ ಮಿಡತೆಗಳನ್ನೂ ತಿನ್ನುತ್ತಿದ್ದನೆಂಬುದನ್ನು ಹೆಂಡತಿ ನೆನಪಿಸಿದಳಾದರೂ ನಾನು ಆ ಭಾಗವನ್ನು ಕಡ್ಡಾಯವೆಂದು ಭಾವಿಸಲಿಲ್ಲ. ಆದರೆ ಅದೇ ವಾರದ ದಿನಚರಿ ಓದಿನಲ್ಲಿ ಬೈಬಲಿನ ಜ್ಞಾನೋಕ್ತಿಗಳ 25ನೆಯ ಅಧ್ಯಾಯ ಬಂತು. ಜೇನು ಸಿಕ್ಕಿದರೆ ಬೇಕಾದಷ್ಟೇ ತಿನ್ನು, ಹೊಟ್ಟೆ ತುಂಬಿ ಕಾರಿಕೊಂಡೀಯೆ ಎಂದು 16ನೆಯ ವಚನ ಎಚ್ಚರಿಸುತ್ತದೆ; ಅಷ್ಟು ಸಾಲದೆಂಬಂತೆ 27ನೆಯ ವಚನ ಅದನ್ನೇ ಇನ್ನೊಮ್ಮೆ ಹೇಳುತ್ತದೆ. ಒಂದೇ ಅಧ್ಯಾಯದಲ್ಲಿ ಎರಡು ಸಲ ಹೇಳಬೇಕಾಗಿ ಬಂದಿದೆಯೆಂದರೆ, ಬರೆದವನ ಮನೆಯಲ್ಲಿ ನನ್ನಂಥವನೊಬ್ಬ ಇದ್ದಿರಬೇಕು.

ವಿಜ್ಞಾನವನ್ನೂ ಮೊರೆಹೊಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ 10 ಶೇಕಡಕ್ಕಿಂತ ಕಡಿಮೆ ಇರಬೇಕು, 5 ಶೇಕಡಕ್ಕಿಂತ ಕೆಳಗಿಳಿಸಿದರೆ ಇನ್ನೂ ಒಳ್ಳೆಯದು. ಅಂದರೆ ಸುಮಾರು 25 ಗ್ರಾಂ, ಆರು ಸಣ್ಣ ಚಮಚ. ಓದಿ ಮುಗಿಸಿ ಗಡಿಯಾರ ನೋಡಿದೆ. ಬೆಳಿಗ್ಗೆ ಒಂಬತ್ತೂವರೆಯಾಗಿತ್ತು, ಆ ದಿನದ ಪಾಲು ಆಗಲೇ ಮುಗಿದಿತ್ತು.

ಹರಕೆ ಮುರಿದುಬಿದ್ದ ಮೇಲೆ ನನ್ನ ವ್ಯವಹಾರ ಪೂರ್ತಿ ಭೂಗತವಾಯಿತು. ಮನೆಯಲ್ಲಿ ಯಾರೂ ಮುಟ್ಟದ ವಸ್ತುವೆಂದರೆ ಕಪಾಟಿನ ಮೇಲಿನ ಸಾಲಿನಲ್ಲಿದ್ದ, ಇಟ್ಟಿಗೆಯಷ್ಟು ದಪ್ಪದ ಬೈಬಲ್ ನಿಘಂಟು. ಅದರ ಹಿಂದೆ ಒಂದು ತಗಡಿನ ಡಬ್ಬಿಯಿಟ್ಟು, ನಾಳೆಯೂ ನಾಡಿದ್ದೂ ಅಧಿಕಾರಿ ಗದರಿಯೇ ಗದರುತ್ತಾರೆಂಬ ದೃಢ ವಿಶ್ವಾಸದಿಂದ ಚಾಕೊಲೇಟುಗಳನ್ನು ಕೂಡಿಹಾಕಿದೆ. ನಾಲ್ಕನೆಯ ದಿನ ಇರುವೆಗಳು ಬಂದವು. ಗೋಡೆಯ ಮೂಲೆಯಿಂದ ಹೊರಟ ಸಾಲು ಭಕ್ತಿಗೀತೆಗಳ ಪುಸ್ತಕವನ್ನು ದಾಟಿ, ನಿಘಂಟಿನ ಬೆನ್ನೇರಿ ಹಿಂದಕ್ಕೆ ಇಳಿಯುತ್ತಿತ್ತು; ಮಗಳು ಅದನ್ನು ನೋಡಿ, ‘ಅಪ್ಪಾ, ಇರುವೆಗಳೂ ಬೈಬಲ್ ಓದ್ತಾ ಇವೆ’ ಎಂದು ಇಡೀ ಮನೆಗೆ ಕೇಳುವಂತೆ ಸಾರಿದಳು. ಇಸ್ರಾಯೇಲರ ಕಥೆ ನನಗೆ ತಿಳಿಯದ್ದೇನೂ ಅಲ್ಲ. ಅಡವಿಯಲ್ಲಿ ಅವರಿಗಾಗಿ ಆಕಾಶದಿಂದ ಸುರಿದ ಮನ್ನವೆಂಬ ಆಹಾರಕ್ಕೆ ಜೇನು ಬೆರೆಸಿದ ರೊಟ್ಟಿಯ ರುಚಿಯಿತ್ತೆಂದೂ, ಮೋಶೆಯ ಮಾತು ಮೀರಿ ಮಾರನೆಯ ದಿನಕ್ಕೆ ಉಳಿಸಿಕೊಂಡವರ ಪಾಲು ಹುಳ ಬಿದ್ದು ನಾರಿತೆಂದೂ ವಿಮೋಚನಕಾಂಡದ 16ನೆಯ ಅಧ್ಯಾಯ ಹೇಳುತ್ತದೆ. ಭಾನುವಾರ ಶಾಲೆಯ ಮಕ್ಕಳಿಗೆ ಆ ಪಾಠ ಮಾಡಿದವನೇ ನಾನು.

ಆದರೂ ನನ್ನನ್ನು ನಿಜವಾಗಿ ಕೆಡವಿದ್ದು ಮನೆಯ ಪ್ರಾರ್ಥನೆ. ಒಂದು ಸಂಜೆ ಕಚೇರಿಯಲ್ಲಿ ನನ್ನದಲ್ಲದ ತಪ್ಪಿಗೆ ಎಲ್ಲರೆದುರು ಮಾತು ಕೇಳಿ ಬಂದಿದ್ದೆ. ಪ್ರಾರ್ಥನೆಗೆ ಕೂರುವ ಮುನ್ನ ದೊಡ್ಡದೊಂದು ಚಾಕೊಲೇಟನ್ನು ಕೆನ್ನೆಯ ಒಳಗೆ ಒತ್ತರಿಸಿಕೊಂಡು, ಹೆಂಡತಿ ಪ್ರಾರ್ಥಿಸುವಷ್ಟರಲ್ಲಿ ಅದು ಸದ್ದಿಲ್ಲದೆ ಕರಗಿಹೋಗುತ್ತದೆ ಎಂದು ಅಂದಾಜು ಮಾಡಿದ್ದೆ. ಅವಳೋ, ‘ಇವತ್ತು ಅಪ್ಪ ನಡೆಸಲಿ’ ಎಂದುಬಿಟ್ಟಳು. ನಾನು ಕಣ್ಣು ಮುಚ್ಚಿ ಸುಮ್ಮನೆ ಕುಳಿತೆ. ಮೌನ ಒಂದು ನಿಮಿಷವಾಯಿತು, ಎರಡಾಯಿತು. ಪಿತನು ಬಹಳ ಆಳದಲ್ಲಿ ನನ್ನೊಡನೆ ಮಾತನಾಡುತ್ತಿದ್ದಾನೆಂದು ಅವರು ತಿಳಿದಿರಬೇಕು. ಕೊನೆಗೆ ಮೂಗಿನಲ್ಲೇ ‘ಆಮೆನ್’ ಎನ್ನುವಾಗ ಕಂದು ಬಣ್ಣದ ಹನಿಯೊಂದು ಗಲ್ಲದಿಂದ ಜಾರಿ, ತೆರೆದಿಟ್ಟಿದ್ದ ಬೈಬಲಿನಲ್ಲಿ ಗಲಾತ್ಯದವರ ಪತ್ರಿಕೆಯ ಮೇಲೆ ಬಿತ್ತು. ಆತ್ಮನ ಫಲಗಳನ್ನು ಪಟ್ಟಿ ಮಾಡುವ ಪುಟ ಅದು. ಪ್ರೀತಿ, ಸಂತೋಷ, ಸಮಾಧಾನದಿಂದ ಹೊರಟ ಆ ಪಟ್ಟಿಯ ಕಟ್ಟಕಡೆಯದು ಶಮೆದಮೆ, ಅಂದರೆ ಆತ್ಮಸಂಯಮ. ಕಲೆ ಇಂದಿಗೂ ಅದೇ ಪದದ ಮೇಲಿದೆ.

ಚರ್ಚಿನ ಸಭಾಪಾಲಕರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೊಟ್ಟೆಬಾಕತನದ ಮೇಲೆ ಒಂದು ಪ್ರಸಂಗ ಕಾದಿದೆಯೆಂದು ಹೆದರಿದ್ದೆ; ಆ ವಿಷಯವನ್ನು ನಾನೇ ಸಾಕಷ್ಟು ಓದಿಕೊಂಡಿದ್ದೆ ಕೂಡ. 4ನೆಯ ಶತಮಾನದ ಮರುಭೂಮಿಯ ಸನ್ಯಾಸಿ ಇವಾಗ್ರಿಯಸ್ ಎಂಟು ಕೆಟ್ಟ ಆಲೋಚನೆಗಳನ್ನು ಎಣಿಸುವಾಗ ಹೊಟ್ಟೆಬಾಕತನವನ್ನೇ ಮೊದಲಿಗೆ ಇಟ್ಟ. ಆಮೇಲೆ ಪೋಪ್ ಗ್ರೆಗೊರಿ ಅದರ ಐದು ಬಗೆಗಳನ್ನು ಬಿಡಿಸಿ ಹೇಳಿದರು: ಹೊತ್ತಿಗೆ ಮುಂಚೆ, ದುಬಾರಿಯಾಗಿ, ಅತಿಯಾಗಿ, ಆತುರದಿಂದ, ಅತಿ ನಾಜೂಕಾಗಿ ತಿನ್ನುವುದು. ನನ್ನಲ್ಲಿ ನಾಜೂಕೊಂದು ಬಿಟ್ಟು ಮಿಕ್ಕ ನಾಲ್ಕೂ ಇದ್ದವು. ಸಭಾಪಾಲಕರು ಇದ್ಯಾವುದನ್ನೂ ಎತ್ತದೆ, ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯವನ್ನು ಓದಿಕೊಂಡು ಬರಲು ಹೇಳಿ ಕಳಿಸಿದರು.

ಅದು ಎಲೀಯನ ಕಥೆ. ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋದ ಪ್ರವಾದಿ, ಸಾಕಪ್ಪಾ ಈ ಜೀವ ಎಂದು ಗಿಡದ ಕೆಳಗೆ ಮಲಗುತ್ತಾನೆ. ದೇವದೂತನು ಬಂದು ಬೈಯುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಡುತ್ತಾನೆ, ಮಲಗಗೊಡುತ್ತಾನೆ, ಮತ್ತೆ ಎಬ್ಬಿಸಿ ತಿನ್ನಿಸುತ್ತಾನೆ. ಹೋರೇಬ್ ಬೆಟ್ಟದ ಗವಿಯನ್ನು ಸೇರಿದ ಮೇಲೆಯೇ ದೇವರು, ಇಲ್ಲೇನು ಮಾಡುತ್ತೀ ಎಂದು ಕೇಳುವುದು. ಎಲೀಯ ತನ್ನ ದೂರನ್ನೆಲ್ಲ ಹೇಳುತ್ತಾನೆ. ಗಾಳಿ, ಭೂಕಂಪ, ಬೆಂಕಿ ಎಲ್ಲ ಆಗಿ, ಆಮೇಲೆ ಬರುವ ಮಂದವಾದ ಧ್ವನಿ ಮತ್ತೆ ಅದೇ ಪ್ರಶ್ನೆ ಕೇಳಿದಾಗ ಅವನು ಅದೇ ದೂರನ್ನು ಅಕ್ಷರ ತಪ್ಪದೆ ಒಪ್ಪಿಸುತ್ತಾನೆ. ಇಷ್ಟು ವರ್ಷ ಓದಿಯೂ ನಾನು ಇದನ್ನು ಗಮನಿಸಿರಲಿಲ್ಲ. ದೇವರಿಗೆ ಅದೇ ಗೋಳನ್ನು ಎರಡನೆಯ ಸಲ ಕೇಳಲು ಬೇಸರವಾಗುವುದಿಲ್ಲವಾದರೆ, ನಾನು ನನ್ನದನ್ನು ಯಾಕೆ ಪ್ರತಿ ರಾತ್ರಿ ಅಗಿದು ನುಂಗುತ್ತಿದ್ದೆ?

ಅಂದಿನಿಂದ ಕಪಾಟಿನ ಬಾಗಿಲಿಗೆ ಕೈ ಹಾಕಿದಾಗಲೆಲ್ಲ, ಇಲ್ಲೇನು ಮಾಡುತ್ತೀ ಎಂಬ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ. ಹಸಿವಾಗಿದ್ದರೆ ಊಟ, ನಿದ್ದೆಗೆಟ್ಟಿದ್ದರೆ ಹಾಸಿಗೆ. ನಿದ್ದೆ ಕಡಿಮೆಯಾದಷ್ಟೂ ಸಿಹಿಯ ಮೇಲೆ ಮನಸ್ಸು ಓಡುವುದು ನನ್ನೊಬ್ಬನ ರೋಗವೇನೂ ಅಲ್ಲ. ಎರಡೂ ಅಲ್ಲದಿದ್ದರೆ ಅಲ್ಲೇ ನಿಂತು, ಯಾರು ಏನೆಂದರು, ಎಲ್ಲಿ ನೋವಾಯಿತು ಎಂಬುದನ್ನು ಬಾಯಿಬಿಟ್ಟು ಹೇಳುತ್ತೇನೆ. ಶುದ್ಧ ಪ್ರಾರ್ಥನೆಯ ಭಾಷೆ ಅದಲ್ಲ, ಚಾಡಿಯ ಭಾಷೆ. ಹತ್ತು ನಿಮಿಷ ಹೇಳುವಷ್ಟರಲ್ಲಿ ಬಹಳ ಸಲ ಸಿಹಿಯ ಆಸೆ ತಾನಾಗಿ ಇಳಿದಿರುತ್ತದೆ. ಕೆಲವು ಸಲ ಇಳಿದಿರುವುದಿಲ್ಲ. ಆಗ ದೀಪ ಹಾಕಿ, ಕುರ್ಚಿಯಲ್ಲಿ ಕುಳಿತು, ಒಂದೇ ಒಂದು ಬಿಸ್ಕತ್ತನ್ನು ಸ್ತೋತ್ರ ಹೇಳಿ ತಿನ್ನುತ್ತೇನೆ. ಸ್ತೋತ್ರ ಹೇಳಿ ತಿಂದ ಬಿಸ್ಕತ್ತಿನ ಹಿಂದೆ ಹನ್ನೊಂದನ್ನು ಕದ್ದು ತಿನ್ನುವುದು ಯಾಕೋ ಕಷ್ಟ. ಬೆಲ್ಟಿನಲ್ಲಿ ನಾನು ಕೊರೆದ ತೂತು ಈಗ ಖಾಲಿಯಿದೆ. ಬಿಸ್ಕತ್ತಿನ ಡಬ್ಬಿಯನ್ನು ಮಾತ್ರ ಮುಂಜಾಗ್ರತೆಗಾಗಿ ಹೆಂಡತಿಯ ವಶಕ್ಕೆ ಒಪ್ಪಿಸಿದ್ದೇನೆ.

ಕಳೆದ ವಾರ ಕಚೇರಿಯಲ್ಲಿ ಮತ್ತೆ ಕೆಟ್ಟ ದಿನ. ರಾತ್ರಿ ಕತ್ತಲಲ್ಲಿ ಕಪಾಟಿನೆದುರು ನಿಂತು ಅಧಿಕಾರಿಯಿಂದ ಆರಂಭಿಸಿ, ತಮ್ಮನ ಮೇಲೆ ಹಾಯ್ದು, ಹೆಂಡತಿ ಬೆಳಿಗ್ಗೆ ಅಂದ ಒಂದು ಮಾತಿನವರೆಗೆ ಎಲ್ಲವನ್ನೂ ದೇವರಿಗೆ ವಿವರವಾಗಿ ವರದಿ ಮಾಡಿ ಆಮೆನ್ ಎಂದೆ. ಬಾಗಿಲ ಮರೆಯಲ್ಲಿ ತಗಡಿನ ಮುಚ್ಚಳ ಕಿರುಗುಟ್ಟಿತು. ದೀಪ ಹಾಕಿದರೆ, ನನ್ನ ಹೆಂಡತಿ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು, ತುಟಿಯ ಮೇಲೆ ಬಿಸ್ಕತ್ತಿನ ಪುಡಿಯೊಂದಿಗೆ ಗೋಡೆಗೆ ಒರಗಿ ನಿಂತಿದ್ದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು:

‘ನಿಮ್ಮದು ಮುಗೀತೇನ್ರೀ? ಹಾಗಾದ್ರೆ ಸ್ವಲ್ಪ ಜರುಗಿ, ನನಗೂ ಹೇಳಿಕೊಳ್ಳೋದಿದೆ.’