180 ಕಂತಿನ ಪ್ರೇಮಕ್ಕೆ ನಾಲ್ಕು ಸಾಲಿನ ಮಂಗಳ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಅತ್ತಿಗೆ ಒಲೆಯ ಮೇಲೆ ಹಾಲಿಟ್ಟು, ಮೊಬೈಲಿನಲ್ಲಿ ಕಥೆ ಓದುವ ಆ್ಯಪ್ ಒಂದರ ಧಾರಾವಾಹಿಯ ಕೊನೆಯ ಕಂತು ತೆರೆದರು. ಹಾಲು ಉಕ್ಕುವ ಮೊದಲೇ ಕಥೆ ಮುಗಿದಿತ್ತು.

ಅದು 180 ಕಂತುಗಳ ಪ್ರೇಮಕಥೆ. ನಾಯಕ ನಾಯಕಿಯನ್ನು ಕಣ್ಣೆತ್ತಿ ನೋಡಿದ್ದೇ 11ನೆಯ ಕಂತಿನಲ್ಲಿ. ಅವಳ ಸೆರಗು ಅವನ ಕೈಗಡಿಯಾರಕ್ಕೆ ಸಿಕ್ಕಿಕೊಂಡದ್ದು 32ರಲ್ಲಿ, ಬಿಡಿಸಿಕೊಂಡದ್ದು 35ರಲ್ಲಿ. ಆಮೇಲೆ ಸಕಲೇಶಪುರದ ಕಾಫಿ ತೋಟದಲ್ಲಿ ಹಿಡಿದ ಮಳೆ ಎಂಟು ಕಂತು ಬಿಡಲೇ ಇಲ್ಲ. ಬೇರೆ ಯಾವ ತೋಟದ ಮಾಲೀಕನಾದರೂ ಕೊಳೆರೋಗದ ಚಿಂತೆಯಲ್ಲಿ ನಿದ್ದೆಗೆಡುತ್ತಿದ್ದ. ಇವನು ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಟ್ಟ. ಆ ಒಂದೊಂದು ನಿಟ್ಟುಸಿರಿಗೂ ಅತ್ತಿಗೆ ನಾಣ್ಯ ತೆತ್ತು ಕಂತಿನ ಬೀಗ ತೆಗೆಸಿದ್ದಾರೆ. ನಾಣ್ಯವೆಂದರೆ, ಆ್ಯಪ್‌ನವರು ಅಸಲಿ ದುಡ್ಡು ಪಡೆದು ಕೊಡುವ ನಕಲಿ ದುಡ್ಡು.

ಇನ್ನು ಕೊನೆಯ ಕಂತು. ಸೋದರತ್ತೆಗೆ ತಪ್ಪಿನ ಅರಿವಾಯಿತು. ನಾಯಕನಿಗೆ ಅಳಿಸಿಹೋಗಿದ್ದ ನೆನಪು ಮರಳಿ ಬಂತು. ಮದುವೆಯಾಯಿತು. ಐದು ವರ್ಷಗಳು ಉರುಳಿ, ಅಂಗಳದಲ್ಲಿ ಅವಳಿ ಮಕ್ಕಳು ಆಡುತ್ತಿದ್ದವು. ಶುಭಂ. ಹಿಂದಿನ ಕಂತಿನಲ್ಲಷ್ಟೇ ಶಿರಾಡಿ ಘಾಟಿಯಲ್ಲಿ ಕಾರು ಉರುಳಿತ್ತಲ್ಲ, ಅದರೊಳಗಿದ್ದ ನಾಯಕನ ತಮ್ಮನನ್ನು ಯಾರೂ ವಿಚಾರಿಸಲಿಲ್ಲ. "ಅವನು ಮದುವೆಗೆ ಬಂದಿದ್ದನೇನೋ?" ಎಂದು ಅತ್ತಿಗೆ ನನ್ನನ್ನು ಕೇಳುತ್ತಾರೆ, ಆಮಂತ್ರಣ ಪತ್ರಿಕೆ ಹಂಚಿದವನು ನಾನೇ ಎಂಬಂತೆ.

"ಉಪ್ಪು, ಕೋಸಂಬರಿ, ಪಲ್ಯ ಎಂದು ಗಂಟೆಗಟ್ಟಲೆ ಬಡಿಸಿ, ಅನ್ನ ಬರುವ ಹೊತ್ತಿಗೆ ಎಲೆ ಎತ್ತಿದರಲ್ಲೋ!"

ಲೇಖಕಿಯನ್ನು ಬೈಯುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿ. ವಿರಹಕ್ಕೆ ಕಂತಿಗೊಂದು ಬೀಗ, ಅನುಮಾನಕ್ಕೊಂದು ಬೀಗ, ಮುನಿಸಿಗೆ ಮೂರು. ಸುಖ ಬಂದ ಮೇಲೆ ಮುಂದೆ ಬೀಗವಿಲ್ಲ. ಗಿರಾಕಿ ಎದ್ದು ಹೊರಟ ಮೇಲೆ ಯಾವ ಅಂಗಡಿಯವನು ಬಟ್ಟೆಯ ಥಾನು ಬಿಚ್ಚಿ ತೋರಿಸುತ್ತಾನೆ?

ಈ ವ್ಯಾಪಾರ ಹೊಸದೇನಲ್ಲ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ 1860ರಲ್ಲಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಅನ್ನು ವಾರದ ಕಂತುಗಳಾಗಿ ಶುರು ಮಾಡಿದ್ದೇ ತನ್ನ ಪತ್ರಿಕೆಯ ಮಾರಾಟ ಕುಸಿಯುತ್ತಿದೆ ಎಂದು. ಆದರೂ ಪ್ರೇಮಿಗಳನ್ನು ಅಗಲಿಸಿದ್ದ ಮುಕ್ತಾಯವನ್ನು ಗೆಳೆಯ ಬುಲ್ವರ್ ಲಿಟ್ಟನ್ ಒಪ್ಪದಿದ್ದಾಗ, ಆತ ಕೂತು ಬೇರೆ ಬರೆದ. ನಮ್ಮಲ್ಲಿ ತಕರಾರು ಮಾಡಿದವರಿಗೆ ಸಿಗುವ ಉತ್ತರ: ಎರಡನೆಯ ಸೀಸನ್ ಶೀಘ್ರದಲ್ಲೇ. ತಮ್ಮ ಬದುಕಿದ್ದಾನೋ ಸತ್ತಿದ್ದಾನೋ ತಿಳಿಯಲು ಇನ್ನಷ್ಟು ನಾಣ್ಯ ಕೊಳ್ಳಬೇಕು.

ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಐದು ಲೀಟರಿನ ಅಳತೆ ಪಾತ್ರೆ ತರಿಸಿ ನೋಡುವ ಹಕ್ಕು ನಮಗಿದೆ. ತೂಕ ಮತ್ತು ಅಳತೆಯ ಅಧಿಕಾರಿಗಳು ಒಂದು ದಿನ ಇತ್ತ ಬಂದು, 179 ಕಂತು ಕಣ್ಣೀರಿಗೆ ಕನಿಷ್ಠ ಎಷ್ಟು ಗ್ರಾಂ ಮದುವೆ ಕೊಡಬೇಕೆಂದು ಮುದ್ರೆ ಒತ್ತಿ ಹೋಗಲಿ. ಮುಹೂರ್ತ, ಧಾರೆ, ಆರತಕ್ಷತೆ ಇವು ಕಡ್ಡಾಯ. ಅವಳಿ ಮಕ್ಕಳನ್ನು ತೂಕಕ್ಕೆ ಹಾಕುವಂತಿಲ್ಲ.

ಅಮ್ಮನ ಕಾಲದಲ್ಲಿ ಬೀಗವಿರಲಿಲ್ಲ, ‘ಸಶೇಷ’ ಇತ್ತು. ವಾರಪತ್ರಿಕೆಯಿಂದ ಧಾರಾವಾಹಿಯ ಹಾಳೆಗಳನ್ನು ಹುಷಾರಾಗಿ ಬಿಡಿಸಿ, ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಇಡುತ್ತಿದ್ದಳು. ಮೊನ್ನೆ ಅಟ್ಟದಿಂದ ಅಂಥದೊಂದು ಕಟ್ಟು ಇಳಿಸಿ ಅತ್ತಿಗೆಗೆ ಕೊಟ್ಟೆ. ಎರಡು ದಿನದಲ್ಲಿ ಓದಿ, ಕೊನೆಯ ಕಂತೇ ಇಲ್ಲವಲ್ಲ ಎಂದರು. ಹುಡುಕಿದೆವು. ಹಪ್ಪಳದ ಡಬ್ಬದ ತಳಕ್ಕೆ ಹಾಸಿದ್ದಳು.